ಹಿರಿಯೂರಿನಲ್ಲಿ ಬಿಟ್ಟ ಕಂಬಳಿ

ದ್ವೀಪಕ್ಕೆ ಕಾಲಿಟ್ಟ ದಿನ ನಾನಾಡಿದ ಮೊದಲ ಮಾತೇ ಸುಳ್ಳು. ಹೋಗಿದ್ದು ಸುವಾರ್ತೆ ಸಾರಲು. ಇದನ್ನು ಬರೆಯುವಾಗ ಒಂದು ಕಡೆ ನಗು ಬರುತ್ತದೆ, ಇನ್ನೊಂದು ಕಡೆ ನಾಚಿಕೆಯಾಗುತ್ತದೆ. ವಯಸ್ಸಾದಂತೆ ನಗು ಕಡಿಮೆಯಾಗುತ್ತಿದೆ.

ನಮ್ಮದು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯ ಹಟ್ಟಿ, ಕುರಿ ಕಾಯುವ ಮನೆತನ. ಆಂಧ್ರದ ಗಡಿ ಅಲ್ಲೇ ಇರುವುದರಿಂದ ನಮ್ಮ ಬಾಯಲ್ಲಿ ಕನ್ನಡದ ಜೊತೆಗೆ ತೆಲುಗೂ ಓಡಾಡಿಕೊಂಡಿರುತ್ತದೆ. ಹಿರಿಯೂರಿನಲ್ಲಿ ಕಾಲೇಜು ಓದುವಾಗ ಗೆಳೆಯನೊಬ್ಬನ ಹಿಂದೆ ಪ್ರಾರ್ಥನಾ ಕೂಟಕ್ಕೆ ಹೋದೆ. ಎರಡು ವರ್ಷದ ಮೇಲೆ ದೀಕ್ಷಾಸ್ನಾನ ಪಡೆದೆ. ಮನೆಗೆ ಬಂದು ಹೇಳಿದಾಗ ಅಪ್ಪ ಬೈಯಲಿಲ್ಲ. ಎರಡು ದಿನ ಕುರಿಗಳ ಜೊತೆ ಮಾತ್ರ ಮಾತಾಡಿದ. ಮೂರನೇ ದಿನ ನನ್ನ ತಟ್ಟೆಗೆ ತಾನೇ ಮುದ್ದೆ ಹಾಕಿದ. ಅಲ್ಲಿಗೆ ನಮ್ಮಿಬ್ಬರ ನಡುವಿನ ಧರ್ಮಚರ್ಚೆ ಮುಗಿಯಿತು. ಅವ್ವ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದಳು, ಇಲ್ಲದಿದ್ದರೆ ಅಷ್ಟು ಸುಲಭಕ್ಕೆ ಮುಗಿಯುತ್ತಿರಲಿಲ್ಲ.

ಅಂಡಮಾನಿನ ಸಣ್ಣದೊಂದು ದ್ವೀಪದಲ್ಲಿ ತೆಲುಗು ಮೀನುಗಾರರ ಕೇರಿ ಇದೆ, ಅಲ್ಲಿಗೆ ತೆಲುಗು ಬಲ್ಲ ಧರ್ಮಸೇವಕನೊಬ್ಬ ಬೇಕು ಎಂಬ ಕೋರಿಕೆ ನಮ್ಮ ಚರ್ಚಿನ ಸಭೆಗೆ ಬಂತು. ಸಭೆಯ ಹಿರಿಯರು ಹೊಳಲ್ಕೆರೆ ಕಡೆಯವರು, ನಿಧಾನಸ್ಥರು. ನನ್ನನ್ನು ಕರೆದು ಹೋಗುತ್ತೀಯಾ ಎಂದು ಕೇಳಿದರು. ಅವರು ಆರಿಸಿದ್ದು ನನ್ನ ತೆಲುಗನ್ನು. ನಾನು ಮಾತ್ರ ದೇವರೇ ನನ್ನ ಭಕ್ತಿ ನೋಡಿ ಆರಿಸಿದನೆಂದು ಬೀಗಿದೆ. ಆ ವಯಸ್ಸಿನಲ್ಲಿ ನನಗೆ ಇದ್ದ ಹುರುಪು ಹೇಳತೀರದು.

ಹೊರಡುವ ಬೆಳಿಗ್ಗೆ ಅಪ್ಪ ಒಂದು ಹೊಸ ಕಂಬಳಿ ತಂದು ನನ್ನ ಹೆಗಲ ಮೇಲೆ ಹಾಕಿದ. ನಮ್ಮ ಮನೆಯಲ್ಲಿ ಮಗ ಮೊದಲ ಸಲ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೊರಟಾಗ ಅಪ್ಪನಾದವನು ಕಂಬಳಿ ಹಾಕಿ ಕಳಿಸುವುದು ಪದ್ಧತಿ. ಅಣ್ಣನಿಗೆ ಹಾಕಿದ್ದ. ನಾನು ಓದಲು ಹೋದವನು, ಕುರಿ ಹಿಂದೆ ಹೋಗಲಿಲ್ಲ, ಹಾಗಾಗಿ ನನ್ನ ಪಾಲಿನದು ಬಾಕಿ ಇತ್ತು. ಉಣ್ಣೆ ನಮ್ಮ ಕುರಿಗಳದೇ, ನೂತವರು ಅತ್ತಿಗೆ. ಪಕ್ಕದೂರಿನಲ್ಲಿ ನೇಯಿಸಿ, ಬಿಗಿ ಬರಲೆಂದು ಹುಣಸೆ ಬೀಜದ ಗಂಜಿ ಕುಡಿಸಿದ್ದರು. ಕರಿ ಕಂಬಳಿಯ ಒಂದು ಮೂಲೆಗೆ ಅಪ್ಪ ಬಿಳಿ ಉಣ್ಣೆಯಲ್ಲಿ ಮೂರು ಹೊಲಿಗೆ ಹಾಕಿದ್ದ. ಅದು ನಮ್ಮ ಮನೆಯ ಗುರುತು. ಅಂಥ ಕಂಬಳಿ ಹತ್ತು ಜನರ ನಡುವೆ ಬಿದ್ದಿದ್ದರೂ ಯಾರ ಮನೆಯದೆಂದು ನಮ್ಮ ಕಡೆಯವರು ಹೇಳುತ್ತಾರೆ.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಕಸಿವಿಸಿ ಶುರುವಾಯಿತು. ನಮ್ಮ ಮನೆದೇವರ ಪೂಜೆಗೆ ಕಂಬಳಿಯನ್ನೇ ಗದ್ದುಗೆಯಾಗಿ ಹಾಸುವುದು. ಎಲ್ಲವನ್ನೂ ಬಿಟ್ಟು ಬಂದವನು ಇದನ್ನು ಹೊತ್ತುಕೊಂಡು ಹೋದರೆ ಹೇಗೆ? ಬಿಡು ಎಂದು ಯಾರೂ ನನಗೆ ಹೇಳಿರಲಿಲ್ಲ. ಎಷ್ಟೋ ದಿನದ ಮೇಲೆ ಸಭೆಯ ಹಿರಿಯರ ಹತ್ತಿರ ಈ ವಿಷಯ ತೆಗೆದಾಗ, ಕಂಬಳಿಗೆ ಯಾವ ಧರ್ಮವಪ್ಪ, ಚಳಿಗೆ ಹೊದೆಯುವುದು ತಾನೇ ಎಂದು ನಕ್ಕುಬಿಟ್ಟರು. ಅವರನ್ನು ಮೊದಲೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಹೆಂಗಸೊಬ್ಬಳು ಬರೀ ಗೋಣಿಚೀಲದ ಮೇಲೆ ಕೂತಿದ್ದಳು. ಕಂಬಳಿಯನ್ನು ಅವಳ ಮುಂದಿಟ್ಟೆ.

"ಇದು ನಮ್ಮನೆ ದೇವ್ರಿಗೆ ಹಾಸೋ ಅಂಥದ್ದು, ನಂಗೆ ಇನ್ನು ಆಗಿ ಬರಲ್ಲವ್ವ. ನೀನೇ ಹಾಸ್ಕ," ಅಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ನಿಲ್ಲಲಿಲ್ಲ. ಬಡವಳಿಗೆ ಉಪಕಾರವಾಯಿತು, ನನ್ನ ಹೆಗಲೂ ಹಗುರವಾಯಿತು ಎಂದುಕೊಂಡು ಬೆಂಗಳೂರಿನ ಬಸ್ ಹತ್ತಿದೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಗುರುತಿನ ಹೊಲಿಗೆ ಇರುವ ಕಂಬಳಿಯನ್ನು ಧರ್ಮಪುರದ ಬಸ್ ಬಂದು ನಿಲ್ಲುವ ಜಾಗದಲ್ಲಿ ಬಿಟ್ಟು ಹೋದರೆ ಯಾರಿಗೂ ತಿಳಿಯುವುದಿಲ್ಲ ಎಂದು ನಂಬಿದ್ದೆನಲ್ಲ, ನನ್ನಂಥ ಪೆದ್ದ ಇನ್ನೊಬ್ಬನಿರಲಾರ.

ಚೆನ್ನೈನಿಂದ ಹಡಗಿನಲ್ಲಿ ಮೂರು ದಿನ. ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಅಲ್ಲಿಂದ ಇನ್ನೊಂದು ಸಣ್ಣ ಬೋಟು. ಬೋಟು ದ್ವೀಪಕ್ಕೆ ಹತ್ತಿರವಾಗುವಾಗ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಬಂದರೆ ಬಂತು, ಹೋದರೆ ಹೋಯಿತು. ಇದು ಅಡ್ಡಡ್ಡ ಬೀಸಿ ಬಡಿಯುವ ಮಳೆ. ನೆಂದ ಬಟ್ಟೆಯ ಮೇಲೆ ಸಮುದ್ರದ ಗಾಳಿ ಬೀಸಿದಾಗ ಹಲ್ಲು ಕಟಕಟ ಎನ್ನತೊಡಗಿದವು. ಬಿಸಿಲಿನ ದ್ವೀಪ, ಅಲ್ಲಿ ಬೆವರು ಸುರಿಯುತ್ತದೆ ಎಂದೇ ಎಲ್ಲರೂ ಹೇಳಿ ಕಳಿಸಿದ್ದರು. ನಮ್ಮ ಅಪ್ಪ ಇಂಥ ಮಳೆಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಮಂದೆಯ ಪಕ್ಕದಲ್ಲಿ ಕಲ್ಲಿನ ಹಾಗೆ ಕೂತಿರುತ್ತಿದ್ದ. ಜೆಟ್ಟಿಯಲ್ಲಿ ಇಳಿದಾಗ ನನಗೆ ನೆನಪಾದದ್ದು ಅದೇ.

ನನ್ನನ್ನು ಕರೆದುಕೊಳ್ಳಲು ಬಂದಿದ್ದವಳು ಕೇರಿಯ ಒಬ್ಬ ಅಜ್ಜಿ. ಅವಳ ಮನೆಯ ಪಕ್ಕದ ತಗಡಿನ ಕೋಣೆಯಲ್ಲೇ ನಾನು ಇರಬೇಕಾಗಿದ್ದುದು. ಅವಳ ತೆಲುಗು ಸಮುದ್ರದ ದಂಡೆಯ ತೆಲುಗು, ನನ್ನದು ಕುರಿಹಟ್ಟಿಯದು. ಆದರೂ ಇಬ್ಬರಿಗೂ ಅರ್ಥವಾಗುತ್ತಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಷ್ಟು ದೂರ ಹೊರಟ ಮಗನಿಗೆ ಮನೆಯವರು ಒಂದು ಹೊದಿಕೆಯನ್ನೂ ಕೊಡಲಿಲ್ಲವೇ ಎಂದು ಕೇಳಿದಳು.

ಇಲ್ಲ ಅಂದೆ.

ಅವಳು ಚ್ಚು ಚ್ಚು ಎಂದು, ತೀರಿಕೊಂಡಿದ್ದ ಗಂಡನ ದಪ್ಪ ದುಪ್ಪಟಿ ತಂದು ಹೊದಿಸಿದಳು. ಎಂಥ ಜನವಪ್ಪ ನಿಮ್ಮವರು ಅಂದಳು. ನಾನು ದುಪ್ಪಟಿ ಸುತ್ತಿಕೊಂಡೆ. ಅಪ್ಪನ ಮೇಲೆ ಬಿದ್ದ ಆ ಮಾತನ್ನು ಒರೆಸಲು ಒಂದು ಕ್ಷಣ ಸಾಕಿತ್ತು. ಕಂಬಳಿ ಕೊಟ್ಟಿದ್ದರು, ನಾನೇ ಬಿಟ್ಟು ಬಂದೆ ಎಂದಿದ್ದರೆ ಆಗುತ್ತಿತ್ತು. ಆದರೆ ಯಾಕೆ ಬಿಟ್ಟೆ ಎಂದು ಕೇಳುತ್ತಾಳಲ್ಲ ಎಂದು ಹೆದರಿದೆ.

ಮೊದಲ ಭಾನುವಾರ ಬೈಬಲಿನ ಒಳ್ಳೆಯ ಕುರುಬನ ಬಗ್ಗೆಯೇ ಪ್ರಸಂಗ ಮಾಡಿದೆ. ನನಗೆ ಅದಕ್ಕಿಂತ ಚೆನ್ನಾಗಿ ಗೊತ್ತಿದ್ದುದು ಇನ್ನೇನಿತ್ತು? ಆ ಕೇರಿಯ ಮಕ್ಕಳು ಕುರಿಯನ್ನೇ ನೋಡಿರಲಿಲ್ಲ. ಕಡಲೆಕಾಯಿ ಕಿತ್ತ ಹೊಲದಲ್ಲಿ ಮಂದೆ ಹೇಗೆ ನಿಲ್ಲಿಸುತ್ತಾರೆ, ಕತ್ತಲಲ್ಲಿ ಕೂಗು ಕೇಳಿಯೇ ಯಾವ ಕುರಿಯೆಂದು ಅಪ್ಪ ಹೇಗೆ ಹೇಳುತ್ತಾನೆ, ಕುಂಟುವ ಮರಿಯನ್ನು ಹೇಗೆ ಹೆಗಲ ಮೇಲೆ ಹೊತ್ತು ತರುತ್ತಾನೆ ಎಂದೆಲ್ಲ ಹೇಳಿದೆ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ನನ್ನ ಸೇವೆ ಅಲ್ಲಿ ಬೇರು ಬಿಟ್ಟಿದ್ದರೆ ಅದು ಅಪ್ಪನ ಕತೆಗಳಿಂದ. ಇದನ್ನು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆರಾಧನೆ ಮುಗಿದ ಮೇಲೆ ಅಜ್ಜಿ ಹತ್ತಿರ ಬಂದಳು.

"ಅಷ್ಟು ಕುರಿ ಇಟ್ಕಂಡು ನಿಮ್ಮಪ್ಪ ನಿಂಗೊಂದು ಕಂಬಳಿ ಕೊಡ್ಲಿಲ್ವಾ?"

ಉಣ್ಣೆಯನ್ನೆಲ್ಲ ಮಾರಿಬಿಡುತ್ತಾರೆ ಎಂದೇನೋ ತೊದಲಿದೆ. ಒಂದು ಸುಳ್ಳಿನ ಕಾಲಿಗೆ ಇನ್ನೊಂದು ಊರುಗೋಲು.

ದ್ವೀಪದಲ್ಲಿ ಸಿಗ್ನಲ್ ಸಿಗುತ್ತಿದ್ದುದು ಜೆಟ್ಟಿಯ ತುದಿಯಲ್ಲಿ ಮಾತ್ರ. ಭಾನುವಾರ ಮಧ್ಯಾಹ್ನ ಅಲ್ಲಿ ನಿಂತು ಅತ್ತಿಗೆಯ ಮೊಬೈಲಿಗೆ ಫೋನ್ ಮಾಡುತ್ತಿದ್ದೆ. ಅವರು ಅಪ್ಪನ ಕೈಗೆ ಕೊಡುತ್ತಿದ್ದರು. ಅಪ್ಪನಿಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಕೇಳುತ್ತಿದ್ದುದು ಎರಡೇ.

"ಊಟ ಆತೇನಪ್ಪ?"

"ಆತು."

"ಕಂಬಳಿ ಹೊದ್ಕಂತೀಯಾ?"

"ಹೂ, ಹೊದ್ಕಂತೀನಿ."

ವಾರ ವಾರವೂ ಇದೇ. ಮೊದಲ ಸಲ ನಾಲಿಗೆ ತಡವರಿಸಿತು. ನಾಲ್ಕನೇ ಸಲಕ್ಕೆ ಸರಾಗವಾಯಿತು. ಒಮ್ಮೆಯಂತೂ, ಇಲ್ಲಿಯ ಮಳೆಗೆ ಅದೇ ಗತಿ, ಅದಿಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ನಾನಾಗಿಯೇ ಸೇರಿಸಿದೆ. ಅಪ್ಪ ಆ ಕಡೆ ಯಾವುದೋ ಕುರಿಯನ್ನು ಗದರಿದ. ಆಮೇಲೆ "ಹೂಂ, ಹುಷಾರು" ಅಂದು ಫೋನ್ ಇಟ್ಟ.

ಮೂರು ವರ್ಷದ ಮೇಲೆ ರಜೆಯಲ್ಲಿ ಊರಿಗೆ ಬಂದೆ. ಅಪ್ಪ ಕುರಿಗಳ ಜೊತೆ ಹೋಗಿದ್ದ. ಅತ್ತಿಗೆ ನೀರು ಕೊಟ್ಟರು. ಚೊಂಬು ಎತ್ತಿ ಕುಡಿಯುವಾಗ ಕಣ್ಣು ಗೋಡೆಯ ಹಲಗೆಗೆ ಹೋಯಿತು. ಅಲ್ಲಿ ಮಡಿಚಿಟ್ಟ ಕರಿ ಕಂಬಳಿ, ಮೂಲೆಯಲ್ಲಿ ಮೂರು ಬಿಳಿ ಹೊಲಿಗೆ. ಹೊಸದರ ಹಾಗೆಯೇ ಇತ್ತು. ಯಾರೂ ಹೊದ್ದಿರಲಿಲ್ಲ.

ಅತ್ತಿಗೆ ನನ್ನ ಮುಖ ನೋಡಿ ತಾವಾಗಿಯೇ ಹೇಳಿದರು. ನಮ್ಮೂರಿನ ಯಾರೋ ಬಸ್ ಸ್ಟ್ಯಾಂಡಿನಲ್ಲಿ ಗುರುತು ಹಿಡಿದು ಇದು ಯಾರ ಮನೆಯದೆಂದು ಕಡಲೆಕಾಯಿಯವಳಿಗೆ ತಿಳಿಸಿದರಂತೆ. ಅಪ್ಪ ಮಗನಿಗೆ ಹಾಕಿದ ಕಂಬಳಿಯ ಮೇಲೆ ನಾನು ಕೂರುವುದೇ ಎಂದು ಅವಳು ವ್ಯಾಪಾರ ಬಿಟ್ಟು ತಾನೇ ಬಸ್ ಹತ್ತಿ ತಂದುಕೊಟ್ಟಳಂತೆ. ನಾನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಅಪ್ಪನ ಎದುರಿಗೆ ಒಪ್ಪಿಸಿದಳಂತೆ.

"ನೀನು ಹೋದ ನಾಕನೇ ದಿನಕ್ಕೇ ಬಂತಪ್ಪ," ಅಂದರು ಅತ್ತಿಗೆ. "ನಾನು ಫೋನಲ್ಲಿ ಹೇಳ್ತೀನಿ ಅಂದೆ. ಮಾವ ಬ್ಯಾಡ ಅಂದ್ರು. ಅವನಾಗೇ ಹೇಳ್ತಾನೆ ಬಿಡು ಅಂದ್ರು."

ಚೊಂಬನ್ನು ಕೆಳಗಿಟ್ಟೆ. ಅಪ್ಪ ಪ್ರತಿ ಭಾನುವಾರ ಆ ಪ್ರಶ್ನೆ ಕೇಳಿದ್ದು ನಾನು ಹೊದೆಯುತ್ತೇನೋ ಇಲ್ಲವೋ ತಿಳಿಯಲಿಕ್ಕಲ್ಲ. ನನಗೆ ಒಂದು ಬಾಗಿಲು ತೆಗೆದಿಟ್ಟು ಕಾಯುತ್ತಿದ್ದ. ನಾನು ಜೆಟ್ಟಿಯಲ್ಲಿ ನಿಂತು, ಕೈಯಲ್ಲಿ ಬೈಬಲ್ ಹಿಡಿದುಕೊಂಡು, ವಾರಕ್ಕೊಮ್ಮೆ ಆ ಬಾಗಿಲನ್ನು ಮುಚ್ಚುತ್ತಿದ್ದೆ.

ಸಂಜೆ ಅಪ್ಪ ಬಂದ. ಕೈಕಾಲು ತೊಳೆದು ಜಗಲಿಯ ಮೇಲೆ ಕೂತ. ನಾನು ಪಕ್ಕದಲ್ಲಿ ಕೂತೆ. ಹೇಳಲೇಬೇಕೆಂದು ಬಾಯಿ ತೆರೆದೆ. "ಅಪ್ಪಾ, ಆ ಕಂಬಳಿ..." ಅಷ್ಟೇ ಬಂದದ್ದು.

ಅವನು ಹಟ್ಟಿಯ ಕಡೆ ನೋಡುತ್ತಲೇ ಇದ್ದ. "ಆ ಕಡೆ ಸೆಕೆಯಂತಲ್ಲ. ಭಾರ ಆಗಿರ್ತೈತೆ ಬಿಡು," ಅಂದ.

ಅಂದರೆ ನೆಪವನ್ನೂ ಅವನೇ ಹುಡುಕಿಟ್ಟಿದ್ದ. ನಾನು ಆಗ ಇಲ್ಲಪ್ಪ, ಸೆಕೆಗಲ್ಲ, ನಿನ್ನ ದೇವರ ವಾಸನೆ ಇದೆಯೆಂದು ಬಿಟ್ಟೆ, ತಪ್ಪಾಯಿತು ಎನ್ನಬೇಕಿತ್ತು.

"ಹೂನಪ್ಪ, ಸೆಕೆ," ಅಂದೆ.

ಹದಿನೈದು ದಿನ ಇದ್ದು ಹೊರಟೆ. ಅಪ್ಪ ಒಂದು ಚೀಲ ಹಸಿ ಕಡಲೆಕಾಯಿ ಕೊಟ್ಟ, ನಿನ್ನನ್ನು ನೋಡಿಕೊಳ್ಳುವ ಅಜ್ಜಿಗೆ ಕೊಡು ಅಂದ. ಗೋಡೆಯ ಹಲಗೆಯ ಕಡೆ ನಾನು ನೋಡಿದ್ದನ್ನು ಅವನು ನೋಡಿದ. ಕಂಬಳಿ ಇಳಿಸಿ ಕೊಡಲಿಲ್ಲ. ಕೊಡಪ್ಪ ಎಂದು ಕೇಳಲು ನನಗೂ ಮುಖವಿರಲಿಲ್ಲ. ಕೇಳಿದ್ದರೆ ಬಹುಶಃ ಕೊಡುತ್ತಿದ್ದ ಎಂದು ಈಗ ಅನ್ನಿಸುತ್ತದೆ.

ದ್ವೀಪಕ್ಕೆ ವಾಪಸು ಬಂದು ಅಜ್ಜಿಗೆ ಚೀಲ ಕೊಟ್ಟಾಗ ಅವಳು, ಹಾಗಾದರೆ ನಿಮ್ಮಪ್ಪ ಕೊಡುವ ಮನುಷ್ಯನೇ ಅಂದಳು. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅವಳು ಕಾಯಿ ಸುಲಿಯುತ್ತಾ ಕೇಳಿದಳು. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ.

"ನಂಗ್ಯಾಕೆ ಹೇಳ್ತೀಯ? ಕಾಯ್ತಿರೋನು ಅವನು," ಅಂದಳು.

ಆ ಭಾನುವಾರ ಜೆಟ್ಟಿಗೆ ಹೋಗುವಾಗ ಗಟ್ಟಿ ಮನಸ್ಸು ಮಾಡಿದ್ದೆ. ಮೂರು ವರ್ಷ ಯಾವ ಪ್ರಶ್ನೆಗೆ ಹೆದರಿದ್ದೆನೋ ಈಗ ಅದೇ ಬರಲಿ ಎಂದು ಕಾದೆ. ಅಪ್ಪ ಕೇಳಲಿ, ಈ ಸಲ ನಿಜ ಹೇಳುತ್ತೇನೆ ಎಂದುಕೊಂಡೆ. ಊಟ ಆತೇನಪ್ಪ ಅಂದ. ಆತು ಅಂದೆ. ಕರಿ ಕುರಿಯೊಂದು ಎರಡು ಮರಿ ಹಾಕಿದೆಯೆಂದ. ಆಮೇಲೆ, ಸರಿ ಇಡ್ತೀನಿ ಅಂದ.

ಈಗಲೂ ವಾರ ವಾರ ಫೋನ್ ಮಾಡುತ್ತೇನೆ. ಅವನು ಊಟದ ಬಗ್ಗೆ ಕೇಳುತ್ತಾನೆ, ಮರಿಗಳ ಸುದ್ದಿ ಹೇಳುತ್ತಾನೆ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಇನ್ನೊಂದು ಪ್ರಶ್ನೆಗೆ ಕಾಯುತ್ತೇನೆ. ಅಪ್ಪ ಅದನ್ನು ಕೇಳುವುದನ್ನು ಬಿಟ್ಟಿದ್ದಾನೆ.