ಒಂದು ನೂಲು ಹೆಚ್ಚು

ಸಿದ್ಧಕಟ್ಟೆಯ ಸಂಕಪ್ಪ ಆಚಾರಿ ಮೂವತ್ತು ವರ್ಷ ಬಾಗಿಲು ಮಾಡಿದವರು. ಮರವನ್ನು ಒಂದು ನೂಲಿನಷ್ಟು ದಪ್ಪ ಬಿಟ್ಟು, ಕೂರಿಸುವಾಗ ಉಜ್ಜುವುದು ಅವರ ಅಭ್ಯಾಸ. ಮಗಳು ಸುರಕ್ಷಾಳ ಅಂಗೈ ನೋಯದಂತೆ ಅವಳ ಏರ್ ಪಿಸ್ತೂಲಿಗೆ ಮರದ ಹಿಡಿ ಮಾಡುವಾಗಲೂ ಹಾಗೆಯೇ ಬಿಟ್ಟರು. ಕೈಗೆ ಹಿತವಾಗಿ ಕೂತಿತು, ಮತ್ತೆ ಉಜ್ಜಲಿಲ್ಲ.

ಮೂಡುಬಿದಿರೆಯ ಶೂಟಿಂಗ್ ಸ್ಪರ್ಧೆಯಲ್ಲಿ, ಗಾತ್ರ ನಿಯಮ ಮೀರಿದೆಯೇ ಎಂದು ನೋಡುವ ಅಳತೆಯ ಪೆಟ್ಟಿಗೆಯೊಳಗೆ ಪಿಸ್ತೂಲು ಇಳಿಯಲೇ ಇಲ್ಲ.

"ಹಿಡಿ ದಪ್ಪ ಉಂಟು. ಹತ್ತು ನಿಮಿಷದಲ್ಲಿ ಸರಿಮಾಡಿ, ಇಲ್ಲದಿದ್ರೆ ಒಳಗೆ ಬಿಡ್ಲಿಕ್ಕೆ ಆಗುವುದಿಲ್ಲ," ಎಂದರು ಪರೀಕ್ಷಕರು.

ಸಂಕಪ್ಪನವರು ಚೀಲದಿಂದ ಸ್ಯಾಂಡ್ ಪೇಪರ್ ತೆಗೆದರು. ಕಡಿಮೆ ಉಜ್ಜಿದರೆ ಪೆಟ್ಟಿಗೆಗೆ ಹಿಡಿಸದು, ಹೆಚ್ಚಾದರೆ ಮಗಳ ಕೈಯಲ್ಲಿ ನಿಲ್ಲದು. ಉಳಿ ಹಿಡಿದಾಗ ಎಂದೂ ನಡುಗದ ಕೈಯಿಂದ ಅದು ಜಾರಿ ಬಿತ್ತು.

ಸುರಕ್ಷಾ ಎತ್ತಿಕೊಟ್ಟಳು. "ಅಪ್ಪ, ಅರ್ಧ ಉಸಿರು ಬಿಡಿ, ಉಳಿದದ್ದು ಹಿಡಿದುಕೊಳ್ಳಿ. ಗುಂಡು ಹೊಡೆಯುವ ಮೊದಲು ನಾನು ಹಾಗೇ ಮಾಡ್ತೇನೆ."

"ನಿನಗೂ ಹೆದರಿಕೆ ಆಗ್ತದಾ?"

"ಪ್ರತಿ ಸಲ."