ಭಟ್ಟಿಯಣ್ಣನ ಅಂಗಾಲು

ಕಾವಲಿ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಈಗಲೂ ನೀರು ಚಿಮುಕಿಸಿ ನೋಡುತ್ತೇನೆ. ಮೊನ್ನೆ ದೋಸೆ ಹೊಯ್ಯುವ ಮೊದಲು ಹಾಗೆ ಮಾಡಿದೆ. ಚುಂಯ್ ಎಂದಿತು. ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು, ಸೌಟು ಕೈಯಲ್ಲೇ ಉಳಿಯಿತು. ಆ ವಾಸನೆಯ ಬೆನ್ನಿಗೇ ಭಟ್ಟಿಯಣ್ಣ ನೆನಪಾದರು...

ಐವತ್ತರ ದಶಕದ ಕೊನೆಯ ವರ್ಷಗಳು. ಉರ್ವದಿಂದ ನದಿ ಬದಿಯ ಹಂಚಿನ ಕಾರ್ಖಾನೆಗೆ ನಾನು ಕೆಲಸಕ್ಕೆ ಹೋಗುತ್ತಿದ್ದೆ. ಅವರು ನಮ್ಮ ಪಕ್ಕದ ಮನೆಯವರು, ಕಾರ್ಖಾನೆಯಲ್ಲಿ ಹಂಚು ಸುಡುವ ಭಟ್ಟಿಯ ಬೆಂಕಿ ನೋಡಿಕೊಳ್ಳುವವರು. ಆ ಭಟ್ಟಿ ಎಂದೂ ಆರುತ್ತಿರಲಿಲ್ಲ. ಸಾಲು ಕೋಣೆಗಳು, ಬೆಂಕಿ ಒಂದರಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಗುತ್ತಿತ್ತು. ಮುಂದಿನ ಕೋಣೆಯಲ್ಲಿ ಮಣ್ಣು ಕೆಂಡದ ಬಣ್ಣಕ್ಕೆ ತಿರುಗಿದ್ದರೆ, ಹಿಂದೆ ಆರಿದ ಕೋಣೆಯನ್ನು ಹೊಕ್ಕು ನಾವು ಹೆಂಗಸರು ಹಂಚು ಹೊರಬೇಕು. ನಮ್ಮದೆಲ್ಲ ಬರಿಗಾಲು.

ಕೋಣೆ ಆರಿದೆಯೆಂದು ಯಾರು ಹೇಳಬೇಕು? ಗೋಡೆ ಬಾಯಿ ಬಿಡುತ್ತದೆಯೇ? ಭಟ್ಟಿಯಣ್ಣ ಬರಿಗಾಲಲ್ಲಿ ಮೊದಲು ಒಳಗೆ ಹೋಗಿ ನಿಲ್ಲುತ್ತಿದ್ದರು. "ತಂಪು ಉಂಟು, ಬನ್ನಿ" ಎಂದರೆ ಮಾತ್ರ ನಾವು ಹೊಗುವುದು. ಅವಸರ ಮಾಡಿದವಳೊಬ್ಬಳು ಕಾಲು ಸುಟ್ಟುಕೊಂಡು ಮೂಲೆ ಹಿಡಿದಿದ್ದನ್ನು ಎಲ್ಲರೂ ಕಂಡಿದ್ದೆವು. ಹಾಗಾಗಿ ನಮ್ಮ ಕಾಲುಗಳು ಇದ್ದದ್ದೇ ಅವರ ಕಾಲನ್ನು ನಂಬಿ.

ಒಂದು ಸಂಜೆ ಅವರ ಮನೆಯಂಗಳದಲ್ಲಿ ಅವರ ಹೆಂಡತಿ ಸ್ನಾನದ ಒಲೆಯಿಂದ ಕೆಂಡ ಎಳೆಯುತ್ತಿದ್ದರು. ಒಂದು ಕೆಂಡ ಉರುಳಿತು. ಅಣ್ಣ ನನ್ನೊಡನೆ ಮಾತಾಡುತ್ತಲೇ ಅದರ ಮೇಲೆ ಕಾಲಿಟ್ಟು ನಿಂತರು. ಚರ್ಮ ಸುಟ್ಟ ವಾಸನೆ ಬಂತು.

"ಅಣ್ಣ, ಕಾಲು!" ಎಂದು ಕಿರುಚಿದೆ.

ಅವರು ನಿಧಾನವಾಗಿ ಕೆಳಗೆ ನೋಡಿ ಕೆಂಡವನ್ನು ಒದ್ದರು. "ಎಂತ ಆಗ್ಲಿಲ್ಲ ಮಾರಾಯ್ತಿ" ಎಂದು ನಕ್ಕರು. ಅವರ ಹೆಂಡತಿ ಮಾತ್ರ ನಗಲಿಲ್ಲ; ಆ ಕಾಲನ್ನೇ ನೋಡುತ್ತಾ ಕುಳಿತರು.

ಮರುದಿನ ಕಾರ್ಖಾನೆಯಲ್ಲಿ ಹೇಳಿದರೆ, "ಅವರ ಕಾಲಿಗೆ ಬೆಂಕಿಯೇ ಹೆದರ್ತದೆ" ಎಂದು ಹೆಂಗಸರೆಲ್ಲ ಹಿಗ್ಗಿದರು. ನಾನೂ ಹಿಗ್ಗಿದೆ.

ಮಳೆಗಾಲ ಹತ್ತಿರವಾಗಿತ್ತು. ಊರಿಗೆಲ್ಲ ಹಂಚು ಬೇಕು. ಕೋಣೆ ಬೇಗ ತೆರೆಯಿರಿ ಎಂದು ಮೇಸ್ತ್ರಿಯ ಗಡಿಬಿಡಿ. ಅಣ್ಣ ಎಂದಿನಂತೆ ಒಳಗೆ ಹೋಗಿ ನಿಂತರು. "ತಂಪು ಉಂಟು, ಬನ್ನಿ."

ನಾನೇ ಮುಂದಿದ್ದೆ. ಬಾಗಿಲಲ್ಲೇ ಮುಖಕ್ಕೆ ಝಳ ಹೊಡೆಯಿತು. ಅದು ಎಂದಿಗೂ ಇರುವುದೇ ಎಂದುಕೊಂಡು ಹೆಜ್ಜೆ ಎತ್ತಿದೆ. ಆಗ ಬಂತು, ಅಂಗಳದ ಅದೇ ವಾಸನೆ. ಎರಡೂ ಕೈ ಅಡ್ಡ ಹಿಡಿದು ಹಿಂದಿನವರನ್ನು ತಡೆದೆ.

"ಹೊರಗೆ ಬನ್ನಿ ಅಣ್ಣ!"

"ಎಂತಕ್ಕೆ? ತಂಪು ಉಂಟಲ್ಲ..." ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಒಂದಿಷ್ಟೂ ಕುಂಟದೆ ನಡೆದು ಬಂದರು. ಅವರ ಹಿಂದೆ ನೆಲದ ಮೇಲೆ ಸುಟ್ಟ ಅಂಗಾಲಿನ ಒದ್ದೆ ಹೆಜ್ಜೆಗಳು ಮೂಡಿದ್ದವು. ಅವರು ಮೊದಲು ನಮ್ಮ ಮುಖಗಳನ್ನು ನೋಡಿದರು, ಆಮೇಲೆ ತಮ್ಮ ಕಾಲನ್ನು.

ಅಂಗಾಲಿನ ಸ್ಪರ್ಶ ಯಾವಾಗಲೋ ಸತ್ತುಹೋಗಿತ್ತು ಎಂದರಂತೆ ಫಳ್ನೀರಿನ ಆಸ್ಪತ್ರೆಯ ಡಾಕ್ಟರು. ಒಂದು ಪಾದ ಉಳಿಯಲಿಲ್ಲ. ಮನೆಗೆ ಬಂದ ಮೇಲೆ ಜಗಲಿಯಲ್ಲೇ ಇರುತ್ತಿದ್ದರು. ಒಂದು ದಿನ ಕೆಲಸ ಮುಗಿಸಿ ಬರುತ್ತಿದ್ದ ನನ್ನನ್ನು ಕರೆದರು.

"ಈಗ ಕೋಣೆಗೆ ಮೊದಲು ಯಾರು ಹೋಗುದು?"

"ಯಾರೂ ಇಲ್ಲ ಅಣ್ಣ. ಬಾಗಿಲಲ್ಲೇ ನಿಂತು ತಂಬಿಗೆಯಿಂದ ನೀರು ಚೆಲ್ಲಿ ನೋಡ್ತೇವೆ. ಚುಂಯ್ ಅಂದ್ರೆ ಹೋಗುದಿಲ್ಲ."

ಅವರು ಉಳಿದ ಪಾದದ ಅಂಗಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಕೇಳಿದರು: "ಅಷ್ಟೇ ಸಾಕಿತ್ತಾ?"

ದಿನಾ ಮನೆಯ ಕಾವಲಿಗೆ ನೀರು ಚಿಮುಕಿಸಿ ಕಾವು ನೋಡುವ ನಮಗೆ ಯಾರಿಗೂ ಅದು ಮೊದಲು ಹೊಳೆದಿರಲಿಲ್ಲ. ಹೊಳೆಯುವ ಅಗತ್ಯವೇ ಇರಲಿಲ್ಲ, ಅವರ ಕಾಲಿತ್ತಲ್ಲ.

ಅವರು ಹೋಗಿ ಎಷ್ಟೋ ವರ್ಷಗಳಾದವು. ಕಾರ್ಖಾನೆಯ ಚಿಮಣಿಯೂ ಈಗ ಇಲ್ಲ. ಮೊನ್ನೆ ಕಾವಲಿಯ ಮೇಲಿನ ನೀರು ಆರಿಹೋಗಿ ಹೊಗೆ ಏಳತೊಡಗಿದರೂ ನಾನು ಹಿಟ್ಟು ಹೊಯ್ಯದೆ ನಿಂತೇ ಇದ್ದೆ. ಆಮೇಲೆ ಇನ್ನೊಮ್ಮೆ ನೀರು ಚಿಮುಕಿಸಿ, ಅಂದು ಜಗಲಿಯಲ್ಲಿ ಅವರು ಕೇಳಿದ್ದಕ್ಕೆ ಈಗ ಹೇಳಿದೆ: "ಸಾಕಿತ್ತು ಅಣ್ಣ."