ಹೆಂಡತಿಯ ಪಾಲಿನ ಪಿಂಚಣಿ

ತನ್ನ ಮನೆಯಲ್ಲಿ ಉಣ್ಣುತ್ತಾ ಕೂತೇ ಭಾಮೈದ ತನ್ನನ್ನು ಜಿಪುಣ ಎಂದದ್ದನ್ನು ಲೇಥಿನವನು ಇವತ್ತಿಗೂ ಮರೆತಿಲ್ಲ. ಬೇರೆ ಯಾರಾದರೂ ಅಂದಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಇದು ನಾಟಿಕೊಂಡಿತು.

ಮಾತು ಬಂದದ್ದು ಹೆಂಡತಿಯ ಪಿಂಚಣಿಯಿಂದ. ಅವಳು ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮೆಷಿನ್ನಿನ ಮುಂದೆ ನಿಂತು ಹಾಸಿಗೆಯ ಬಟ್ಟೆಗಳನ್ನು ಹಾಯಿಸುವವಳು. ಐವತ್ತೇಳು ತುಂಬಿತ್ತು. ಆಗಲೇ ಕೆಲಸ ಬಿಟ್ಟರೆ ಕಡಿಮೆ ಪಿಂಚಣಿ, ಸಾಯುವವರೆಗೂ ಅಷ್ಟೇ. ಇನ್ನು ಮೂರು ವರ್ಷ ದುಡಿದರೆ ಪೂರ್ತಿ. ಗಂಡ ಹೆಂಡಿರಲ್ಲಿ ಯಾರು ಮೊದಲು ಹೋದರೂ, ಹೋದವರದರಲ್ಲಿ ಅರ್ಧ ಉಳಿದವರಿಗೆ ಬರುತ್ತದೆ ಎಂದು ಪಿಂಚಣಿ ಕಚೇರಿಯ ಹೆಣ್ಣುಮಗಳು ಬಿಡಿಸಿ ಹೇಳಿದ್ದಳು.

ಲೇಥಿನವನು ಬಸ್ ರಿಪೇರಿ ಕಾರ್ಖಾನೆಯಲ್ಲಿ ಲೇಥ್ ಯಂತ್ರಕ್ಕೆ ಕಬ್ಬಿಣ ಕೊಟ್ಟು ಕಡೆಯುತ್ತಿದ್ದವನು, ನಿವೃತ್ತನಾಗಿ, ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಕೂತಿದ್ದ. ಮೊದಲು ಹೊರಡುವವನು ತಾನೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೆಲಸದಲ್ಲಿ ಬದುಕಿಡೀ ಅವನದು ಒಂದೇ ಪದ್ಧತಿ. ಬೇಕಾದ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚಿಗೆ ಉಳಿಸಿಕೊಂಡೇ ಕಬ್ಬಿಣ ಕಡೆಯಬೇಕು, ಆ ಪದರವನ್ನು ಕಟ್ಟಕಡೆಗೆ ತೆಗೆಯಬೇಕು. ತೆಗೆದ ಮೇಲೆ ಮತ್ತೆ ಹಚ್ಚಲಾಗದು. ಹೆಂಡತಿಯ ಪಿಂಚಣಿಗೂ ಅದನ್ನೇ ಹಿಡಿದ, ಮೂರು ವರ್ಷ ಮುಗಿಸಿಯೇ ಕೆಲಸ ಬಿಡಬೇಕೆಂದ.

ಒಂದು ಭಾನುವಾರ ಭಾಮೈದ ಬಂದ. ಬಾಡಿಗೆ ವ್ಯಾನ್ ಓಡಿಸುವವನು. ವ್ಯಾನಿಗೆ ಬ್ರೇಕಿತ್ತು, ಬಾಯಿಗಿರಲಿಲ್ಲ.

"ಅಕ್ಕನ ಕಾಲು ನೋಡಿದೀರಾ ಭಾವ? ಊದಿಕೊಂಡು ಚಪ್ಪಲಿಗೇ ಹೋಗ್ತಿಲ್ಲ. ಸಾಕು, ಕೆಲಸ ಬಿಡಿಸಿ. ಬಂದಷ್ಟು ಬರಲಿ."

"ಬಂದಷ್ಟರಲ್ಲಿ ನಾಳೆ ಅವಳು ಏನು ತಿಂತಾಳೆ? ನಾನಿರ್ತೀನಾ?"

"ನೀವೆಲ್ಲಿಗೆ ಹೋಗ್ತೀರಿ. ಯಮನೂ ನಿಮ್ಮ ಜೊತೆ ಜಗಳಕ್ಕೆ ಹೆದರ್ತಾನೆ."

ಹೆಂಡತಿ ನಕ್ಕಳು. "ಟಿಕೆಟ್ ರೇಟ್ ಕಮ್ಮಿ ಆಗೋವರೆಗೂ ಇವರು ಹೊರಡಲ್ಲ ಕಣೋ."

"ಅದನ್ನೇ ನಾನು ಹೇಳೋದು. ಜಿಪುಣ ಅಂದ್ರೆ ಜಿಪುಣ."

ಲೇಥಿನವನು ತಟ್ಟೆ ತಳ್ಳಿ ಎದ್ದ. "ನನ್ನ ಮನೆ ಲೆಕ್ಕ ಹೇಳೋಕೆ ನೀನ್ಯಾರೋ? ಎದ್ದು ನಡಿ."

ಭಾಮೈದ ಕೈ ತೊಳೆದುಕೊಂಡು ಹೋದ. ಹೆಂಡತಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು.

"ನನ್ನನ್ನೂ ಒಂದ್ಸಲ ಕೇಳ್ಬಹುದಿತ್ತು," ಎಂದಳು.

"ನಿನ್ನ ಒಳ್ಳೇದಕ್ಕೇ ಅಲ್ವೇನೇ ಹೇಳ್ತಿರೋದು."

"ಅದು ಗೊತ್ತು," ಎಂದು ನಲ್ಲಿ ತಿರುಗಿಸಿದಳು.

ಮೂರು ವರ್ಷ ಅವಳು ನಿಂತಳು. ಸಂಜೆ ಬಂದು ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುವಳು. ನೀರು ತುಂಬಿಸಿ ಕೊಡುವವನು ಇವನೇ. ಅಷ್ಟು ಮಾಡುತ್ತಿದ್ದ.

ಪೂರ್ತಿ ಪಿಂಚಣಿ ಮಂಜೂರಾಯಿತು. ಮೊದಲ ತಿಂಗಳಿನದು ಕೈಗೆ ಬರುವ ಮುಂಚೆಯೇ ಅವಳ ಮೆದುಳಿನ ನರ ಒಡೆಯಿತು. ಅವಳದೇ ಆಸ್ಪತ್ರೆಗೆ ಭಾಮೈದನ ವ್ಯಾನಿನಲ್ಲಿ ಒಯ್ದರು. ಹೊರಗಿನಿಂದ ತರಿಸಿದ ಔಷಧಿಗೆ, ಸ್ಕ್ಯಾನಿಗೆ ಅವನೇ ಹಣ ಕಟ್ಟಿದ. ಲೇಥಿನವನು ಮಂಚದ ಪಕ್ಕ ಕೂತು ಹಾಸಿಗೆ ಬಟ್ಟೆಯ ಇಸ್ತ್ರಿಯ ಗೆರೆಯನ್ನೇ ನೋಡುತ್ತಿದ್ದ. ಅವಳು ಹೋದಳೆಂದು ನರ್ಸ್ ಹೇಳಿದಾಗಲೂ ಅದನ್ನೇ ನೋಡುತ್ತಿದ್ದ.

ಪಿಂಚಣಿ ಕಚೇರಿಯಲ್ಲಿ ಅದೇ ಹೆಣ್ಣುಮಗಳಿದ್ದಳು. "ಇನ್ಮೇಲೆ ಅವರದರಲ್ಲಿ ಅರ್ಧ ನಿಮಗೆ ಬರುತ್ತೆ ಸರ್. ಮೂರು ವರ್ಷ ಕಾದಿದ್ದು ಒಳ್ಳೇದೇ ಆಯ್ತು, ಜಾಸ್ತಿ ಸಿಗುತ್ತೆ."

"ಹೂಂ," ಎಂದ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಬರಲಿಲ್ಲ.

ಭಾಮೈದ ಈಗಲೂ ವಾರಕ್ಕೊಮ್ಮೆ ಬಾಗಿಲಲ್ಲಿ ವ್ಯಾನ್ ನಿಲ್ಲಿಸುತ್ತಾನೆ.

"ಊಟ ಆಯ್ತಾ ಭಾವ?"

"ಆಯ್ತು. ಆ ಆಸ್ಪತ್ರೆ ದುಡ್ಡು…"

"ಆದಾಗ ಕೊಡಿ. ಅದಕ್ಕೇನು ಬಂತೀಗ."

ಲೇಥಿನವನ ಸ್ವಂತ ಪಿಂಚಣಿ ಮನೆ ಬಾಡಿಗೆಗೂ ಮಾತ್ರೆಗೂ ಸರಿಹೋಗುತ್ತದೆ. ಅವಳ ಕಡೆಯಿಂದ ಬರುವುದು ತಿಂಗಳು ತಿಂಗಳು ಬ್ಯಾಂಕಿನಲ್ಲಿ ಬೀಳುತ್ತಿದೆ. ಅದನ್ನು ಮುಟ್ಟಿದರೆ ಸಾಲ ತೀರಿ ಇನ್ನೂ ಮಿಗುತ್ತದೆ. ಲೇಥಿನವನು ಬ್ಯಾಂಕಿಗೆ ಹೋಗುತ್ತಾನೆ, ಸಾಲಿನಲ್ಲಿ ನಿಲ್ಲುತ್ತಾನೆ, ತನ್ನದನ್ನಷ್ಟೇ ತೆಗೆದುಕೊಂಡು ಬರುತ್ತಾನೆ. ಭಾಮೈದನ ಹಣ ಇನ್ನೂ ಕೊಟ್ಟಿಲ್ಲ.